ಮಳೆ ಅಳಿಸುವ ಮೊದಲು: ಹಳೆಯ ಸಮಾಧಿಗಲ್ಲು ಓದುವ ಬಗೆ

ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಸುತ್ತ ಕಾಫಿ ದೊರೆಗಳ, ಅಂದರೆ ಯುರೋಪಿಯನ್ ತೋಟದ ಒಡೆಯರ, ಕಾಲದ ಸಮಾಧಿಗಳಿವೆ. ಅಂಥದೊಂದರ ಬಿಳಿ ಮಾರ್ಬಲ್ ಫಲಕದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ನಿಂತು ನೋಡಿದರೆ ಅದು ಬೋಳು ಕಲ್ಲು. ಮುಖವನ್ನು ಒಂದು ಗೇಣು ಹತ್ತಿರ ಒಯ್ದರೆ ಸಾಲು ಹಿಡಿದ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಹುಳು ಕೊರೆದದ್ದಲ್ಲ ಅವು. ಒಂದು ಕಾಲಕ್ಕೆ ಅಲ್ಲಿ ಸೀಸದ ಅಕ್ಷರಗಳಿದ್ದವು. ಕೆತ್ತುವವನು ಮೊದಲು ಅಕ್ಷರದ ಆಕಾರಕ್ಕೆ ತೆಳ್ಳಗೆ ತೋಡಿ, ಅದರೊಳಗೆ ಓರೆಯಾಗಿ ತೂತು ಕೊರೆದು, ಸೀಸವನ್ನು ಬಡಿದು ಕೂರಿಸಿ, ಮೇಲೆದ್ದದ್ದನ್ನು ಸವರಿ ಮಟ್ಟ ಮಾಡುತ್ತಿದ್ದ. ತೂತಿಗಿಳಿದ ಸೀಸವೇ ಆ ಅಕ್ಷರದ ಬೇರು. ಸುತ್ತಲಿನ ಮಾರ್ಬಲ್ ಮಳೆಗೆ ಸವೆದಂತೆ ಬೇರು ಸಡಿಲವಾಗಿ ಅಕ್ಷರ ಉದುರುತ್ತದೆ, ತೂತು ಉಳಿಯುತ್ತದೆ. ಇಂಗ್ಲಿಷಿನ ‘ಓ’ ಇದ್ದಲ್ಲಿ ತೂತುಗಳು ಉಂಗುರವಾಗಿ ನಿಂತಿರುತ್ತವೆ, ‘ಐ’ ಇದ್ದಲ್ಲಿ ಒಂದರ ಕೆಳಗೊಂದು. ಹಾಳೆಯೊಂದರಲ್ಲಿ ಅವನ್ನು ಚುಕ್ಕಿಗಳಾಗಿ ಗುರುತು ಮಾಡಿಕೊಂಡು ರಂಗೋಲಿ ಎಳೆಯುವ ಹಾಗೆ ಸೇರಿಸುತ್ತ ಹೋದರೆ, ಹೋಯಿತೆಂದು ಬಿಟ್ಟಿದ್ದ ಹೆಸರು ಮರಳಿ ಬರುತ್ತದೆ.

ಸಮಾಧಿಗಲ್ಲು ಓದಲು ಬೇಕಾದದ್ದು ಇಂಥ ತಾಳ್ಮೆ. ಕಲ್ಲು ಯಾವ ಜಾತಿಯದು, ಮೇಲಿನ ಚಿತ್ರ ಏನು, ಅಕ್ಷರ ಏನು ಹೇಳುತ್ತದೆ, ಸುತ್ತ ಏನೇನಿದೆ, ಎಲ್ಲವನ್ನೂ ಕೂಡಿಸಿ ನೋಡಬೇಕು. ಕೆಲಸಕ್ಕೆ ಒಂದು ಕ್ರಮವೂ ಇದೆ: ಓದು ಮೊದಲು, ದಾಖಲೆ ಆಮೇಲೆ, ತೊಳೆಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬೇಕಿದ್ದರೆ ಮಾತ್ರ. ಎಷ್ಟೋ ಕಡೆ ಇದು ತಿರುವುಮುರುವಾಗುತ್ತದೆ. ಒಳ್ಳೆಯ ಮನಸ್ಸಿನ ಹುಡುಗರು ಒಂದು ಭಾನುವಾರ ಆಸಿಡ್ಡು, ತಂತಿ ಬ್ರಷ್ಷು ಹಿಡಿದು ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಬೆಳ್ಳಗಾಗಿರುತ್ತದೆ, ಓದಲು ಅಕ್ಷರ ಇರುವುದಿಲ್ಲ.

ಎಲ್ಲ ಕಲ್ಲಿನ ಕೆಳಗೂ ಗುಂಡಿ ಇಲ್ಲ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸತ್ತವರ ನೆನಪಿಗೆ ನಿಂತ ಕಲ್ಲುಗಳು ಹಲವು ಬಗೆಯವು. ಅವೆಲ್ಲ ಗೋರಿಗಳೆಂದು ತಿಳಿಯುವುದು ಮೊದಲ ತಪ್ಪು. ಕಾದಾಡಿ ಸತ್ತವನಿಗೆ ನಿಲ್ಲಿಸಿದ ವೀರಗಲ್ಲಿನ ಕೆಳಗೆ ದೇಹ ಇರಬೇಕೆಂದಿಲ್ಲ. ಜೈನರ ನಿಸಿಧಿಯೂ ಹೂಳಿದ ಜಾಗದ ಗುರುತಲ್ಲ, ವ್ರತ ಹಿಡಿದು ದೇಹ ಬಿಟ್ಟವರ ಸ್ಮಾರಕ. ಮಾಸ್ತಿಗಲ್ಲು ಗಂಡನ ಚಿತೆಯೇರಿದವಳದು. ಕೆಳಗೆ ನಿಜವಾಗಿಯೂ ದೇಹ ಇರುವುದು ಕ್ರೈಸ್ತರ ಸಮಾಧಿ, ಮುಸ್ಲಿಮರ ಗೋರಿ, ಲಿಂಗಾಯತರ ಗದ್ದುಗೆ, ಸಮಾಧಿಗಳಲ್ಲಿ. ಕ್ರೈಸ್ತರು ಸಂಪ್ರದಾಯದಂತೆ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಟ್ಟು ಮಲಗಿಸುತ್ತಾರೆ. ಮುಸ್ಲಿಮರು ಬಲಮಗ್ಗುಲಾಗಿ ಮೆಕ್ಕಾದ ಕಡೆ ಮುಖ ಮಾಡಿಸುವುದರಿಂದ ನಮ್ಮ ಕಡೆ ಗೋರಿಗಳು ಉತ್ತರ ದಕ್ಷಿಣವಾಗಿ ಚಾಚಿರುತ್ತವೆ. ಲಿಂಗಾಯತರಲ್ಲಿ ಕೂರಿಸಿಯೇ ಸಮಾಧಿ ಮಾಡುವುದು. ಅಕ್ಷರ ಪೂರ್ತಿ ಅಳಿದ ಕಲ್ಲು ಸಿಕ್ಕಾಗ ಮೊಬೈಲಿನ ದಿಕ್ಸೂಚಿ ತೆರೆದು ನೋಡಿದರೆ ಅರ್ಧ ಉತ್ತರ ಸಿಗುವುದು ಇದರಿಂದಲೇ.

ಇಟ್ಟಿಗೆ ಗಾರೆಯಲ್ಲಿ ಪೆಟ್ಟಿಗೆಯ ಹಾಗೆ ಕಟ್ಟಿದ ಎತ್ತರದ ಸಮಾಧಿಗಳನ್ನು ನೋಡಿರಬಹುದು. ದೇಹ ಆ ಪೆಟ್ಟಿಗೆಯೊಳಗಿಲ್ಲ, ನೆಲದ ಕೆಳಗಿದೆ. ಮೇಲಿನದು ಬರೀ ಟೊಳ್ಳು ಕಟ್ಟಡ ಅಥವಾ ಕಲ್ಲುಮಣ್ಣು ತುಂಬಿದ ದಿಬ್ಬ. ನಿಧಿಯ ಆಸೆಗೆ ಅದನ್ನು ಒಡೆದವರಿಗೆ ಸಿಕ್ಕಿದ್ದು ಇಟ್ಟಿಗೆ ಚೂರು. ವೀರಗಲ್ಲುಗಳನ್ನು ಕಿತ್ತು ಅಡಿ ಅಗೆದವರ ಕಥೆಯೂ ಅಷ್ಟೆ. ಕಲ್ಲು ಮಾತ್ರ ಮುರಿದು ಎರಡಾಯಿತು.

ಹಳೆಯ ಕ್ರೈಸ್ತ ಸಮಾಧಿಗಳಲ್ಲಿ ತಲೆಗಲ್ಲಿನ ಜೊತೆ ಕಾಲ ಬಳಿ ಇನ್ನೊಂದು ಪುಟ್ಟ ಕಲ್ಲು ಇರುವುದುಂಟು, ಅದರ ಮೇಲೆ ಬರೀ ಎರಡು ಮೂರು ಇನಿಷಿಯಲ್ಲು. ತಲೆಗಲ್ಲು ಬಿದ್ದುಹೋಗಿ ಕಾಲುಗಲ್ಲು ಉಳಿದರೆ ಜನ ಅದನ್ನು ಮಗುವಿನ ಸಮಾಧಿ ಎಂದುಕೊಳ್ಳುತ್ತಾರೆ. ಹತ್ತಿರದಲ್ಲೇ ಆರೇಳು ಅಡಿ ಪಶ್ಚಿಮಕ್ಕೆ ಹುಲ್ಲು ಸರಿಸಿ ನೋಡಿ. ತಲೆಗಲ್ಲು ಬಹಳ ಸಲ ಅಲ್ಲೇ ಮಗುಚಿಕೊಂಡು ಬಿದ್ದಿರುತ್ತದೆ. ಹಾಗೆ ಬೋರಲು ಬಿದ್ದ ಕಲ್ಲಿನ ಅಕ್ಷರ ಎಷ್ಟೋ ಮಳೆಗಾಲದ ಪೆಟ್ಟು ತಪ್ಪಿಸಿಕೊಂಡು ಹೊಸದರಂತೆ ಉಳಿದಿರುವುದೂ ಉಂಟು.

ಬೆಟ್ಟದ ಹಾಸುಬಂಡೆಯಿಂದ ಶುರು

ಸಾವನ್ನು ಕಲ್ಲಿನಲ್ಲಿ ಬರೆದಿಡುವ ರೂಢಿ ಈ ಸೀಮೆಗೆ ದೊರೆಗಳು ತಂದದ್ದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು 600ರಿಂದಲೇ ಅದು ನಡೆದಿದೆ. ಬೆಳಗೊಳದ ಶಾಸನಗಳನ್ನು 1889ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದಾಗ ಅವು 144. 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದಾಗ 500 ಆದವು. 1973ರ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಬಂಡೆ ಅದೇ. ಕಣ್ಣಿಟ್ಟು ಹುಡುಕಿದಷ್ಟೂ ಅಕ್ಷರ ಸಿಕ್ಕಿತು. ನಮ್ಮ ಊರಿನ ಸ್ಮಶಾನದಲ್ಲಿ ನೋಡುವಂಥದ್ದು ಏನೂ ಇಲ್ಲ ಎನ್ನುವವರಿಗೆ ಈ ಮೂರು ಅಂಕಿಗಳನ್ನು ತೋರಿಸಬೇಕು.

ಅಲ್ಲಿಯ ಹಳೆಯ ಬರಹಗಳು ಕೆಲವೇ ಪದದವು. ಇಂಥ ಗುರುವಿನ ಶಿಷ್ಯರು, ಇಂಥವರು, ‘ನೋನ್ತು ಮುಡಿಪ್ಪಿದಾರ್’. ನೋಂಪಿ ಹಿಡಿದು ದೇಹ ಬಿಟ್ಟರು ಎಂದರ್ಥ. ಸತ್ತರು ಎಂಬ ಮಾತನ್ನೇ ಬಳಸದೆ, ವ್ರತವನ್ನು ಮುಗಿಸಿದರು ಎನ್ನುವ ದನಿ ಅದರಲ್ಲಿದೆ. ಸುಮಾರು 700ರ ನಂದಿಸೇನ ಮುನಿಯ ಬರಹ ಇನ್ನೂ ಮುಂದೆ ಹೋಗಿ ಪದ್ಯವಾಗುತ್ತದೆ: ‘ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್’. ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಸಿರಿ ರೂಪ ಹಣ ಎಲ್ಲ ತೋರಿ ಬೇಗ ಹರಿದುಹೋಗುತ್ತವೆ ಎನ್ನುತ್ತಾನೆ. ಕನ್ನಡದ ಅತಿ ಹಳೆಯ ಸೊಗಸಾದ ಪದ್ಯಗಳಲ್ಲೊಂದು ಸಾವಿನ ಕಲ್ಲಿನ ಮೇಲಿದೆ ಎಂಬುದನ್ನು ಶಾಲೆಯ ಮಕ್ಕಳನ್ನು ಬೆಟ್ಟ ಹತ್ತಿಸುವಾಗ ಹೇಳಲೇಬೇಕು. ಗೊಮ್ಮಟನನ್ನು ನೋಡಿ ಇಳಿದುಬಿಡುವ ಬಸ್ಸುಗಳು ಎದುರಿನ ಚಿಕ್ಕಬೆಟ್ಟಕ್ಕೆ ಒಂದು ಗಂಟೆ ಕೊಟ್ಟರೂ ಸಾಕು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವು ಕಡೆ ಹಸುಗಳ ಹಿಂಡು. ಹಸುಗಳಿದ್ದರೆ ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವನ ಕಲ್ಲು. ನಡುವಿನದರಲ್ಲಿ ದೇವಕನ್ಯೆಯರು ವೀರನನ್ನು ಎರಡೂ ಕಡೆ ಹಿಡಿದು ಒಯ್ಯುತ್ತಾರೆ. ಮೇಲಿನದರಲ್ಲಿ ಲಿಂಗ, ನಂದಿ, ಪೂಜಾರಿ. ತುದಿಯಲ್ಲಿ ಸೂರ್ಯ ಚಂದ್ರ, ಅವಿರುವ ತನಕ ಈ ಮಾತು ನಿಲ್ಲಲಿ ಎಂದು. ಅಂಕಣಗಳ ನಡುವಿನ ಅಡ್ಡಪಟ್ಟಿಗಳೇ ಬರೆಯುವ ಜಾಗ. ಎಣ್ಣೆ, ಕುಂಕುಮ, ಸುಣ್ಣ ಹತ್ತಿ ದಪ್ಪಗಾಗುವುದೂ ಅಲ್ಲೇ, ಅದಕ್ಕೇ ಬರಹ ಇಲ್ಲದ ಕಲ್ಲು ಎಂದು ಎಷ್ಟೋ ಕಲ್ಲುಗಳನ್ನು ಬಿಟ್ಟುಬಿಡುತ್ತಾರೆ. ಬರಹದಲ್ಲಿ ‘ಕಲ್ನಾಡು’ ಅಥವಾ ‘ನೆತ್ತರುಗೊಡಗೆ’ ಎಂಬ ಪದ ಸಿಕ್ಕರೆ, ಸತ್ತವನ ಮನೆಯವರಿಗೆ ನೆಲ ಬಿಟ್ಟುಕೊಟ್ಟಿದ್ದರು ಎಂದು ತಿಳಿಯಬೇಕು. ಅಂಥ ಕಲ್ಲು ಒಂದು ಜಮೀನು ಪತ್ರವೂ ಹೌದು. ಮಾಸ್ತಿಗಲ್ಲಿನ ಗುರುತು ಸುಲಭ: ಕಂಬದಿಂದ ಹೊರಬಂದು ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ತೋಳು, ತುಂಬ ಬಳೆ, ಎಷ್ಟೋ ಸಲ ಬೆರಳ ನಡುವೆ ನಿಂಬೆಹಣ್ಣು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಹೋದವರು ಶಿಲ್ಪ ನೋಡುವ ಭರದಲ್ಲಿ ಬಿಟ್ಟುಹೋಗುವ ಕಂಬವೊಂದಿದೆ, ಕುವರ ಲಕ್ಷ್ಮನದು. ಅವನು ಇಮ್ಮಡಿ ವೀರಬಲ್ಲಾಳನ ಗರುಡ, ಒಡೆಯ ಸತ್ತ ಮೇಲೆ ಬದುಕುವುದಿಲ್ಲ ಎಂದು ಮಾತು ಕೊಟ್ಟವನು. ಬಲ್ಲಾಳ ತೀರಿಕೊಂಡದ್ದು 1220ರಲ್ಲಿ. ಲಕ್ಷ್ಮ ಹೆಂಡತಿಯೊಡನೆ, ತನ್ನ ಭಟರೊಡನೆ ಪ್ರಾಣ ಕೊಟ್ಟ. ಕಂಬದ ಸುತ್ತ ಕತ್ತಿಯಿಂದ ತಮ್ಮ ತಲೆ ತಾವೇ ಅರಿದುಕೊಳ್ಳುವ ಆಳುಗಳ ಕೆತ್ತನೆ ಇದೆ. ಕಣ್ಣು ಒಗ್ಗಲು ಸ್ವಲ್ಪ ಹೊತ್ತು ಬೇಕು. ಬರಹ ಪೂರ್ತಿಯಾಗದೆ ನಿಂತಿದೆ.

ತೇದಿಯ ಲೆಕ್ಕ

ಹಳೆಗನ್ನಡ ಕಲ್ಲಿನಲ್ಲಿ ತೇದಿ ಎರಡು ಬಗೆಯಲ್ಲಿ ಒಟ್ಟಿಗೆ ಬರುತ್ತದೆ: ಶಕವರ್ಷ ಮತ್ತು ಸಂವತ್ಸರದ ಹೆಸರು. ಶಕಕ್ಕೆ 78 ಕೂಡಿದರೆ ಈಗಿನ ಇಸವಿ. ತಿಥಿ ಪುಷ್ಯ, ಮಾಘ, ಫಾಲ್ಗುಣದಲ್ಲಿದ್ದು ಜನವರಿ ದಾಟಿದ್ದರೆ 79. ಸಂವತ್ಸರದಿಂದ ಇದನ್ನು ತಾಳೆ ನೋಡಬಹುದು. ಶಕಕ್ಕೆ 12 ಕೂಡಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ. ಶೇಷ ಸೊನ್ನೆಯಾದರೆ ಕೊನೆಯದು, ಅಕ್ಷಯ.

ಚಿಕ್ಕಬೆಟ್ಟದಲ್ಲಿ ರಾಷ್ಟ್ರಕೂಟರ ನಾಲ್ಕನೆಯ ಇಂದ್ರ ಸಲ್ಲೇಖನದಿಂದ, ಅಂದರೆ ಊಟ ಬಿಟ್ಟು ದೇಹ ಬಿಡುವ ಜೈನ ವ್ರತದಿಂದ, ತೀರಿಕೊಂಡ ವರ್ಷ ಶಕ 904. 78 ಕೂಡಿದರೆ 982. ತಾಳೆಗೆ 904ಕ್ಕೆ 12 ಕೂಡಿದರೆ 916. 60ರಿಂದ ಭಾಗಿಸಿದಾಗ 16 ಉಳಿಯುತ್ತದೆ. ಹದಿನಾರನೆಯದು ಚಿತ್ರಭಾನು, ಶಾಸನದಲ್ಲೂ ಅದೇ. ಶಾಂತಲೆ ಸವತಿಗಂಧವಾರಣ ಬಸದಿ ಕಟ್ಟಿಸಿದ 1123, ಅಂದರೆ ಶಕ 1045, ಹೀಗೇ ಲೆಕ್ಕ ಹಾಕಿದರೆ 37ನೆಯ ಶೋಭಕೃತ್. ನಾವು 2023ರಲ್ಲಿ ಯುಗಾದಿ ಮಾಡಿದ್ದೂ ಶೋಭಕೃತ್ ಸಂವತ್ಸರಕ್ಕೇ. ನಡುವೆ 900 ವರ್ಷ, ಸರಿಯಾಗಿ ಹದಿನೈದು ಸುತ್ತು. ಕೆಲವು ಕಡೆ ಶಕದ ಅಂಕಿಗೂ ಸಂವತ್ಸರಕ್ಕೂ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾರೋ, ಮುಗಿದ ವರ್ಷವನ್ನೋ ಎಂಬುದರಿಂದ ಆಗುವ ವ್ಯತ್ಯಾಸ ಅದು. ಹಾಗಾದಾಗ ಸಂವತ್ಸರದ ಹೆಸರನ್ನೇ ನಂಬುವುದು ಲೇಸು. ಅಂಕಿ ಸವೆದು ತಪ್ಪಾಗಿ ಕಾಣಬಹುದು, ಹೆಸರು ಅಷ್ಟು ಸುಲಭಕ್ಕೆ ಬೇರೊಂದಾಗುವುದಿಲ್ಲ.

ದೊರೆಗಳ ಕಲ್ಲು ಹೇಳುವುದು

ಮೈಸೂರಿನ ಆಡಳಿತ 1831ರಲ್ಲಿ ಬ್ರಿಟಿಷರ ಕೈಗೆ ಹೋಗಿ 1881ರಲ್ಲಿ ಒಡೆಯರಿಗೆ ಮರಳಿತು. ಆ 50 ವರ್ಷಗಳಲ್ಲಿ ಬಾಬಾಬುಡನ್ ಗಿರಿಯ ತಪ್ಪಲಲ್ಲಿ, ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ನರ ಕಾಫಿ ತೋಟಗಳೆದ್ದವು. ಇಲ್ಲಿ ದಾಖಲೆ ಹುಡುಕುವವರು ಎರಡು ಹೆಸರು ನೆನಪಿಡಬೇಕು. ಈಗಿನ ಸಕಲೇಶಪುರ ತಾಲ್ಲೂಕು ಅಂದು ಮಂಜರಾಬಾದ್, ಈಗಿನ ಚಿಕ್ಕಮಗಳೂರು ಜಿಲ್ಲೆ 1947ರವರೆಗೂ ಕಡೂರು ಜಿಲ್ಲೆ. ಈ ಹೆಸರು ಗೊತ್ತಿಲ್ಲದೆ ಚಿಕ್ಕಮಗಳೂರು ಎಂದಷ್ಟೇ ಹುಡುಕಿದವರು ಬರಿಗೈಯಲ್ಲಿ ಬರುತ್ತಾರೆ.

ಕ್ರೈಸ್ತರ ಚರಿತ್ರೆ ಇಲ್ಲಿ ಕಾಫಿಯಿಂದಲೇ ಶುರುವಾಯಿತು ಎನ್ನುವುದೂ ಸರಿಯಲ್ಲ. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿ ದ್ಯುಬುವಾ 19ನೆಯ ಶತಮಾನದ ಮೊದಲಲ್ಲೇ ಕ್ರೈಸ್ತ ರೈತರ ಊರು ಕಟ್ಟಿದ್ದರು. ಅವರಲ್ಲಿ ಹೆಚ್ಚಿನವರ ಕಲ್ಲು ನಮಗೆ ಸಿಗುವುದಿಲ್ಲ. ಮರದ ಶಿಲುಬೆ ಎಷ್ಟು ಮಳೆಗಾಲ ತಡೆದೀತು? ತೋಟದಲ್ಲಿ ದುಡಿದು ಜ್ವರಕ್ಕೆ ಸತ್ತ ಕೂಲಿಯವರಿಗೂ ಕಲ್ಲಿಲ್ಲ. ಬೇಲಿಯೊಳಗೆ ನಾಲ್ಕಾರು ಮಾರ್ಬಲ್ ಫಲಕ, ಬೇಲಿಯಾಚೆ ಗುರುತಿಲ್ಲದ ದಿಬ್ಬಗಳು ಕಂಡರೆ ಆ ದಿಬ್ಬಗಳನ್ನೂ ನಕ್ಷೆಯಲ್ಲಿ ಹಾಕಬೇಕು. ಕಲ್ಲಿದ್ದವರದ್ದಷ್ಟೇ ಬರೆದರೆ ಊರಿನ ಚರಿತ್ರೆ ದೊರೆಗಳ ಚರಿತ್ರೆಯಾಗಿ ಮುಗಿಯುತ್ತದೆ.

ಇಂಗ್ಲಿಷ್ ಕಲ್ಲಿನ ಭಾಷೆಗೆ ಅದರದೇ ಕಟ್ಟುಗಳಿವೆ. ‘ಸೇಕ್ರೆಡ್ ಟು ದಿ ಮೆಮರಿ ಆಫ್’ ಎಂದು ಆರಂಭ, ಆಮೇಲೆ ಹೆಸರು, ಹುಟ್ಟಿದ ಸೀಮೆ, ಸತ್ತ ಜಾಗ, ವಯಸ್ಸು. ವಯಸ್ಸನ್ನು ವರ್ಷ, ತಿಂಗಳು, ದಿನದ ಲೆಕ್ಕದಲ್ಲಿ ಕೊಟ್ಟಿದ್ದರೆ ಸತ್ತ ತೇದಿಯಿಂದ ಹಿಂದಕ್ಕೆ ಎಣಿಸಿ ಹುಟ್ಟಿದ ದಿನವನ್ನೇ ಪಡೆಯಬಹುದು. ‘ರಿಲಿಕ್ಟ್’ ಎಂದರೆ ವಿಧವೆ. ‘ಈಟಾಟಿಸ್’ ಅಥವಾ ಅದರ ಮೊಟಕು ರೂಪ ‘ಈಟ್.’ ಎಂದರೆ ವಯಸ್ಸು. ‘ಎಚ್.ಇ.ಐ.ಸಿ.ಎಸ್.’ ಎಂದು ಹೆಸರಿನ ಮುಂದಿದ್ದರೆ ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕರ, ಎಂದರೆ 1858ಕ್ಕೆ ಮೊದಲಿನ ಚಾಕರಿ. ಶಿಲುಬೆಯ ನಡುವಿನ ‘ಐ.ಎಚ್.ಎಸ್.’ ಸತ್ತವನ ಇನಿಷಿಯಲ್ ಅಲ್ಲ, ಗ್ರೀಕ್ ಲಿಪಿಯಲ್ಲಿ ಯೇಸುವಿನ ಹೆಸರಿನ ಮೊದಲ ಅಕ್ಷರಗಳು. ಈ ತಪ್ಪು ಎಷ್ಟೋ ಪಟ್ಟಿಗಳಲ್ಲಿ ನುಸುಳಿದೆ. ನಡುವೆ ಮುರಿದಂತೆ ಕೆತ್ತಿದ ಕಂಬ ಮುರಿದು ಬಿದ್ದದ್ದಲ್ಲ, ಹಾಗೇ ಕೆತ್ತಿದ್ದು. ಎಳೆ ವಯಸ್ಸಿನಲ್ಲಿ ಹೋದವರ ಗುರುತು. ಅದನ್ನು ‘ಸರಿಮಾಡಲು’ ಹೋಗಬಾರದು. ಲಂಗರು ಭರವಸೆಯ ಸಂಕೇತ, ಹಡಗಿನವನೇ ಆಗಿರಬೇಕಿಲ್ಲ. ಕೊನೆಯ ಸಾಲು ಬಹಳ ಮುಖ್ಯ. ಕಲ್ಲು ನಿಲ್ಲಿಸಿದವರು ಗೆಳೆಯರು ಎಂದಿದ್ದರೆ ಈ ದೇಶದಲ್ಲಿ ಅವನ ಮನೆಯವರು ಯಾರೂ ಇರಲಿಲ್ಲ ಎಂಬ ಸುಳಿವು. ಮಣ್ಣಿನಲ್ಲಿ ಹೂತ ಬುಡದಲ್ಲಿ ಕೆತ್ತಿದವರ ಹೆಸರೂ ಊರೂ ಸಣ್ಣಗೆ ಇರುವುದುಂಟು. ಕಲ್ಲು ಎಲ್ಲಿಂದ ಗಾಡಿಯೇರಿ ಬಂತು ಎಂದು ಅದರಿಂದ ತಿಳಿಯುತ್ತದೆ.

ಸಾವಿನ ಕಾರಣ ‘ಫೀವರ್’ ಎಂದಷ್ಟೇ ಇದ್ದರೆ ಅದನ್ನು ಮಲೇರಿಯಾ ಎಂದು ತಿದ್ದಿ ಬರೆಯಬೇಡಿ. ಸೊಳ್ಳೆಯೊಳಗೆ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅದಕ್ಕೆ ಮೊದಲು ಮಲೆನಾಡಿನ ಚಳಿಜ್ವರವೂ ವಿಷಮಶೀತಜ್ವರವೂ ಕಲ್ಲಿನ ಮೇಲೆ ಒಂದೇ ಹೆಸರಿನಲ್ಲಿ ಕೂತವು.

ಕಲ್ಲಿನ ಮಾತನ್ನು ಚರ್ಚಿನ ರಿಜಿಸ್ಟರಿನೊಡನೆ ಹೋಲಿಸುವುದು ಮುಂದಿನ ಹೆಜ್ಜೆ. ಆಂಗ್ಲ ಪಾದ್ರಿಗಳು ಹೂಳಿದವರ ಪಟ್ಟಿಯ ಪ್ರತಿಯನ್ನು ಮದ್ರಾಸಿಗೆ ಕಳಿಸುತ್ತಿದ್ದರು. ಆ ಪ್ರತಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಎಂಬ ಸಾಲಿನಲ್ಲಿವೆ. ಕಲ್ಲು ಸತ್ತ ದಿನ ಹೇಳುತ್ತದೆ, ರಿಜಿಸ್ಟರು ಹೂಳಿದ ದಿನ. ನಮ್ಮ ಹವೆಯಲ್ಲಿ ಇವೆರಡರ ನಡುವೆ ಒಂದು ದಿನಕ್ಕಿಂತ ಹೆಚ್ಚು ಇರುವುದು ಅಪರೂಪ. ಹೆಚ್ಚಿದ್ದರೆ ದೇಹವನ್ನು ದೂರದಿಂದ ತಂದಿರಬೇಕು, ಇಲ್ಲವೇ ಕಲ್ಲಿನ ತೇದಿ ತಪ್ಪು. ಕಲ್ಲು ಕೆತ್ತಿಸಿ ತರಿಸುವ ಹೊತ್ತಿಗೆ ವರ್ಷ ಕಳೆದಿರುತ್ತಿದ್ದುದರಿಂದ ತಪ್ಪು ಆಗುವುದು ಕಲ್ಲಿನಲ್ಲೇ ಹೆಚ್ಚು. ದಕ್ಷಿಣ ಏಷ್ಯಾದ ಇಂಥ ಸಮಾಧಿಗಳ ಪಟ್ಟಿ ಮಾಡಲೆಂದೇ 1976ರಲ್ಲಿ ಬ್ರಿಟನ್ನಿನಲ್ಲಿ ಬಾಕ್ಸಾ ಎಂಬ ಸಂಘ ಹುಟ್ಟಿದೆ. ಅವರ ಕಡತಗಳೂ ಬ್ರಿಟಿಷ್ ಲೈಬ್ರರಿಯಲ್ಲೇ ಇವೆ.

ಓದುವ ದಿನ

ಜನವರಿ ಫೆಬ್ರುವರಿ ಒಳ್ಳೆಯ ಕಾಲ. ಇಂಬಳ ಇರುವುದಿಲ್ಲ, ಪಾಚಿ ಒಣಗಿರುತ್ತದೆ, ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತದೆ. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಎಂಥ ಅಕ್ಷರವೂ ಮಾಯ. ನೆರಳಲ್ಲಿರುವ ಕಲ್ಲಿಗೆ ಗೋಡೆಯ ಕನ್ನಡಿಯೊಂದನ್ನು ಒಯ್ಯಿರಿ. ಎರಡಡಿ ಎತ್ತರದ್ದು ಸಾಕು. ಒಬ್ಬರು ಬಿಸಿಲಿನಲ್ಲಿ ನಿಂತು ಬೆಳಕನ್ನು ಕಲ್ಲಿನ ಮೈಗೆ ಸವರುವಂತೆ ಪಕ್ಕದಿಂದ ಬಿಡಬೇಕು. ಬೆಳಕು ಕಲ್ಲಿನ ಮುಖಕ್ಕೆ ಸುಮಾರು 10 ಡಿಗ್ರಿ ಕೋನದಲ್ಲಿ ಬಂದಾಗ ಅಕ್ಷರದ ಒಂದು ಅಂಚು ಕಪ್ಪಾಗಿ ಎದ್ದು ನಿಲ್ಲುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಮಾಡಿ. ಅಡ್ಡಗೆರೆಗಳು ಮೇಲಿನ ಬೆಳಕಿಗೆ ಮಾತ್ರ ಕಾಣುತ್ತವೆ. ಕತ್ತಲಾದ ಮೇಲೆ ಟಾರ್ಚಿನಿಂದಲೂ ಇದೇ ಕೆಲಸ ಮಾಡಬಹುದು, ಕಪ್ಪು ಗ್ರಾನೈಟಿಗೆ ಅದೇ ಉತ್ತಮ.

ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ರಂಗೋಲಿ ಪುಡಿ ಉಜ್ಜುವುದು ಹಳೆಯ ಅಭ್ಯಾಸ. ಇದನ್ನು ಬಿಡಬೇಕು. ರಂಗೋಲಿ ಪುಡಿಯಲ್ಲಿ ಕಲ್ಲಿನ ಹರಳಿರುತ್ತದೆ, ಮೆತ್ತಗಿನ ಬಳಪದ ಕಲ್ಲಿನ ಮೇಲೆ ಅದು ಗೀರು ಹಾಕುತ್ತದೆ. ಹಿಟ್ಟು ಹಚ್ಚಿದರೆ ಬೂಷ್ಟಿಗೆ ಊಟ ಇಟ್ಟಂತೆ. ಇನ್ನೂ ಕೆಟ್ಟದ್ದೆಂದರೆ ತಾನು ಓದಿದ್ದೇ ಸರಿ ಎಂದು ಅಕ್ಷರದೊಳಗೆ ಪೇಂಟು ತುಂಬುವುದು. ಒಬ್ಬರ ತಪ್ಪು ಓದು ಆಮೇಲೆ ಬಂದವರೆಲ್ಲರ ಓದಾಗುತ್ತದೆ. ಗ್ರಾನೈಟಿನ ಮೇಲೆ ಒಂದು ತಂಬಿಗೆ ನೀರು ಸುರಿದು, ಮೇಲ್ಮೈ ಆರಿ ತೋಡಿನೊಳಗೆ ಮಾತ್ರ ತೇವ ಉಳಿಯುವ ಕ್ಷಣ ಕಾದು ನೋಡಿ. ಅಕ್ಷರ ತಾನಾಗಿ ಬರೆದುಕೊಳ್ಳುತ್ತದೆ.

ದಾಖಲೆಗೆ ಟೇಪು, ಗ್ರಾಫ್ ಹಾಳೆ, ಮೊಬೈಲು ಸಾಕು. ಗೇಟಿನಿಂದ ಶುರುಮಾಡಿ ಸಾಲಿಗೊಂದು ಅಕ್ಷರ, ಕಲ್ಲಿಗೊಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ಹಾಳೆಯ ಮೇಲೆ ಬರೆಯಬೇಕು, ಕಲ್ಲಿನ ಮೇಲಲ್ಲ. ಪ್ರತಿ ಕಲ್ಲಿಗೂ ದೂರದಿಂದ ಒಂದು ಫೋಟೋ, ನೇರ ಎದುರಿನಿಂದ ಒಂದು, ಬರಹದ್ದು ಹತ್ತಿರದಿಂದ, ಬುಡ ಮತ್ತು ಬೆನ್ನಿನದು ಒಂದೊಂದು. ಫ್ರೇಮಿನಲ್ಲಿ ಒಂದು ಅಡಿಪಟ್ಟಿ ಇರಲಿ. ಬರಹವನ್ನು ಕಲ್ಲಿನಲ್ಲಿದ್ದಂತೆ ಸಾಲುಸಾಲಾಗಿ, ಕಾಗುಣಿತದ ತಪ್ಪನ್ನೂ ತಿದ್ದದೆ ಬರೆಯಬೇಕು. ಕಾಣದ ಅಕ್ಷರಕ್ಕೆ ಚೌಕ ಆವರಣದಲ್ಲಿ ಅಕ್ಷರಕ್ಕೊಂದು ಚುಕ್ಕಿ. ಊಹೆಯನ್ನು ಪಕ್ಕದ ಅಂಕಣದಲ್ಲಿ ಬೇರೆಯಾಗಿ ಇಡಿ. ಒಬ್ಬರು ಓದಿ ಇನ್ನೊಬ್ಬರು ಬರೆದು, ಆಮೇಲೆ ಬರೆದವರು ಓದಿ ಓದಿದವರು ತಾಳೆ ನೋಡಿದರೆ ತಪ್ಪು ಬಹಳ ತಗ್ಗುತ್ತದೆ. ಸವೆದ ಇಂಗ್ಲಿಷ್ ಅಂಕಿಗಳಲ್ಲಿ 1 ಮತ್ತು 7, 3 ಮತ್ತು 8, 5 ಮತ್ತು 6 ಮೋಸ ಮಾಡುತ್ತವೆ. ಹೊಯ್ಸಳರ ಕಾಲದ ಲಿಪಿಯಲ್ಲಿ ಪ, ವ, ಮ.

ಶಾಸನಕ್ಕೆ ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ತಾವೂ ಮಾಡಬೇಕು ಅನಿಸುತ್ತದೆ. ಕಲ್ಲನ್ನು ತೊಳೆದು, ನೀರು ಹೀರುವ ಕಾಗದವನ್ನು ನೆನೆಸಿ ಹೊದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದೊಳಕ್ಕೆ ಇಳಿಸಿ, ಅರೆ ಆರಿದಾಗ ಬಟ್ಟೆಯ ಉಂಡೆಯಿಂದ ಮಸಿ ಒತ್ತುತ್ತಾರೆ. ಮೈ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕೆಲಸದ ಗುಟ್ಟೆಲ್ಲ ಆ ಅರೆ ಆರಿದ ಹದದಲ್ಲಿದೆ. ಹೆಚ್ಚು ಒದ್ದೆಯಿದ್ದರೆ ಮಸಿ ಇಳಿದು ಕಲ್ಲಿಗೆ ಕಲೆ, ಹೆಚ್ಚು ಒಣಗಿದರೆ ಕಾಗದ ಎದ್ದು ಹರಿಯುತ್ತದೆ. ಪಳಗಿದವರ ಕೈಕೆಳಗೆ ಕಲಿಯದೆ ಇದಕ್ಕೆ ಕೈಹಾಕಬೇಡಿ. ಪುಡಿಯಾಗುತ್ತಿರುವ ಮಾರ್ಬಲ್ ಮೇಲಂತೂ ಯಾರೂ ಮಾಡಬಾರದು.

ಕಲ್ಲು ಹಾಳಾಗುವ ದಾರಿಗಳು

ಮಾರ್ಬಲ್ ಎಂದರೆ ಸುಣ್ಣದ ಜಾತಿ. ಮಳೆನೀರಿನಲ್ಲಿ ಸಹಜವಾಗಿ ಇರುವ ತೆಳು ಹುಳಿಗೇ ಅದು ಕರಗುತ್ತದೆ. ಸಕಲೇಶಪುರದ ಮಳೆಯಲ್ಲಿ ಅದರ ಮೈ ಸಕ್ಕರೆಯಂತೆ ತರಿತರಿಯಾಗಿ, ಬೆರಳು ಸವರಿದರೆ ಪುಡಿ ಬರುತ್ತದೆ. ಆ ಹಂತದ ಕಲ್ಲನ್ನು ಮುಟ್ಟದಿರುವುದೇ ಚಿಕಿತ್ಸೆ. ಅಂಥದ್ದಕ್ಕೆ ಟಾಯ್ಲೆಟ್ ಆಸಿಡ್ ಸುರಿದರೆ ನೊರೆ ಬರುತ್ತದಲ್ಲ, ಆ ನೊರೆಯೇ ಅಕ್ಷರ. ಗ್ರಾನೈಟಿಗೆ ಆಸಿಡ್ ಹಾಕಿದರೆ ಅದರೊಳಗಿನ ಕಬ್ಬಿಣ ಹೊರಬಂದು ಹಳದಿ ಕಲೆಯಾಗುತ್ತದೆ. ಬ್ಲೀಚಿಂಗ್ ಪೌಡರಿನ ಉಪ್ಪು ಕಲ್ಲಿನ ರಂಧ್ರಕ್ಕಿಳಿದು, ಒಣಗಿ ಹರಳಾಗಿ ಊದಿ, ಮುಂದಿನ ಬೇಸಿಗೆಯಲ್ಲಿ ಹೊಪ್ಪಳೆ ಎಬ್ಬಿಸುತ್ತದೆ. ತಂತಿ ಬ್ರಷ್ಷಿನಿಂದ ಉದುರಿದ ಎಳೆಗಳು ಕಲ್ಲಿನಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತವೆ. ಕಾರು ತೊಳೆಯುವ ಪ್ರೆಷರ್ ಪಂಪು ಇವೆಲ್ಲವನ್ನೂ ಒಂದೇ ಸಲ ಮಾಡುತ್ತದೆ.

ತೊಳೆಯಲೇಬೇಕಾದ ಗಟ್ಟಿ ಕಲ್ಲಿಗೆ ಬರೀ ನೀರು. ಚೆನ್ನಾಗಿ ನೆನೆಸಿ, 15–20 ನಿಮಿಷ ಬಿಟ್ಟು, ಮೆತ್ತಗಿನ ನೈಲಾನ್ ಬ್ರಷ್ಷಿನಲ್ಲಿ ಬುಡದಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಹರಿದು ಪಟ್ಟೆ ಬೀಳುತ್ತದೆ. ಅಕ್ಷರದ ಮೂಲೆಗೆ ಬಿದಿರಿನ ಕಡ್ಡಿ, ಮೊಳೆ ಬೇಡ. ಸಾಂಬಾರಿಗೆ ಹಾಕುವ ಕಲ್ಲುಹೂವಿನ ಬಳಗವೇ ಈ ಕಲ್ಲುಗಳ ಮೇಲೂ ಬೂದು ಹಸಿರು ಮಚ್ಚೆಗಳಾಗಿ ಬೆಳೆಯುತ್ತದೆ. ಒಣಗಿದಾಗ ಕೆರೆದರೆ ಕಲ್ಲಿನ ಸಿಪ್ಪೆಯನ್ನೂ ಎತ್ತಿಕೊಂಡು ಬರುತ್ತದೆ, ನೆನೆದಾಗ ತಾನೇ ಸಡಿಲಾಗುತ್ತದೆ. ಬರದಿದ್ದರೆ ಹಾಗೇ ಬಿಡಿ.

ನಮ್ಮ ಕಡೆಯ ಎರಡು ಅಪಾಯ ಬೇರೆಡೆ ಅಷ್ಟಿಲ್ಲ. ತೋಟದಲ್ಲಿ ಬಳಸುವ ವೀಡ್ ಕಟರ್ ಯಂತ್ರವನ್ನು ಸ್ಮಶಾನಕ್ಕೂ ತರುತ್ತಾರೆ. ಅದರ ತಂತಿ ವರ್ಷಕ್ಕೆ ಎರಡು ಸಲ ಬುಡಕ್ಕೆ ಬಡಿದು ಕೊನೆಯ ಸಾಲನ್ನು, ಕಲ್ಲು ನಿಲ್ಲಿಸಿದವರ ಹೆಸರಿರುವ ಸಾಲನ್ನೇ, ತಿಂದುಬಿಡುತ್ತದೆ. ಕಲ್ಲಿನ ಸುತ್ತ ಒಂದು ಮೊಳ ಜಾಗವನ್ನು ಕುಡುಗೋಲಿನಲ್ಲೇ ಸವರಬೇಕು. ಇನ್ನೊಂದು, ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಇಡುವುದು. ಕಲ್ಲು ಒಡೆಯುವವರು ಬಂಡೆಯನ್ನು ಬೆಂಕಿ ಹಾಕಿಯೇ ಚಪ್ಪಡಿಯಾಗಿ ಎಬ್ಬಿಸುತ್ತಾರೆ ಎಂಬುದನ್ನು ನೆನೆದರೆ ಆ ಬೆಂಕಿ ಶಾಸನಕ್ಕೆ ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಬಿರುಕಿನಲ್ಲಿ ಅರಳಿ, ಅತ್ತಿ ಸಸಿ ಹುಟ್ಟಿದರೆ ಎಳೆಯಬಾರದು. ಬೇರಿನೊಡನೆ ಇಟ್ಟಿಗೆ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸುತ್ತ ಬೇರು ಸಾಯಲು ಬಿಡಬೇಕು. ಇಟ್ಟಿಗೆ ಸಂದು ತುಂಬಲು ಸಿಮೆಂಟ್ ಬೇಡ. ಹಳೆಯ ಇಟ್ಟಿಗೆಗಿಂತ ಅದು ಗಟ್ಟಿ, ನೀರನ್ನು ಹೊರಬಿಡುವುದಿಲ್ಲ, ಒಳಗೆ ಸಿಕ್ಕ ತೇವ ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಒಂದು ಪಾಲು ನೆನೆಸಿದ ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು, ಮೇಲೆ ಒಂದು ವಾರ ಒದ್ದೆ ಗೋಣಿಚೀಲ. ಕಲ್ಲಿಗೆ ಸೀಸ ಹೊಯ್ದು ನಿಲ್ಲಿಸಿದ ಕಬ್ಬಿಣದ ಕಟಾಂಜನ ತುಕ್ಕು ಹಿಡಿದಾಗ ಹಲವು ಪಟ್ಟು ಊದಿ ಕಲ್ಲನ್ನು ಸೀಳುತ್ತದೆ. ಬಿರುಕು ಕೂದಲೆಳೆಯಷ್ಟಿರುವಾಗಲೇ ತಿಳಿದವರಿಗೆ ತೋರಿಸಬೇಕು.

ಬಿದ್ದ ಕಲ್ಲನ್ನು ನಾಲ್ಕು ಜನ ಸೇರಿ ಎತ್ತಿಬಿಡೋಣ ಅನಿಸುತ್ತದೆ. ಮೂರಡಿ ಉದ್ದ, ಎರಡಡಿ ಅಗಲ, ನಾಲ್ಕಿಂಚು ದಪ್ಪದ ಗ್ರಾನೈಟ್ ಸುಮಾರು 150 ಕೆ.ಜಿ. ತೂಗುತ್ತದೆ. ಬೆರಳು ಹೋಗುವುದು, ಕಲ್ಲು ನಡುವೆ ಮುರಿಯುವುದು ಹೀಗೇ. ಹಾರೆ, ಮರದ ತುಂಡು, ಹಗ್ಗ ಇಲ್ಲದೆ ಅಲುಗಿಸಬೇಡಿ. ಮತ್ತೆ ನಿಲ್ಲಿಸುವುದಾದರೆ ಉದ್ದದ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಹೂಳುವಷ್ಟು ಗುಂಡಿ, ತಳಕ್ಕೆ ಅರ್ಧ ಅಡಿ ಜಲ್ಲಿ, ಸುತ್ತ ಜಲ್ಲಿ ಮರಳು ಕುಟ್ಟಿ ತುಂಬುವುದು. ಸಿಮೆಂಟಿನಲ್ಲಿ ಹೂತ ಕಲ್ಲಿಗೆ ಮುಂದೆ ಮರ ಬಿದ್ದರೆ ಅಲುಗಾಡಲು ಜಾಗವಿಲ್ಲದೆ ಸಿಮೆಂಟಿನ ಮಟ್ಟಕ್ಕೇ ಮುರಿಯುತ್ತದೆ.

ಇದೆಲ್ಲಕ್ಕೂ ಮೊದಲು ಜಾಗದ ಒಡೆಯರ ಒಪ್ಪಿಗೆ ಬೇಕು: ಚರ್ಚಿನ ಸಮಿತಿ, ಬಸದಿಯ ಮಠ, ಪಂಚಾಯಿತಿ, ತೋಟದವರು, ಯಾರದೋ ಅವರದು. ಪುರಾತತ್ವ ಇಲಾಖೆಯ ನೀಲಿ ಫಲಕ ಇದ್ದರೆ ಹುಲ್ಲು ತೆಗೆಯಲೂ ಅವರನ್ನೇ ಕೇಳಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆ 200 ಮೀಟರಿನಲ್ಲಿ ಅನುಮತಿ ಬೇಕು. ಫಲಕ ಇಲ್ಲದಿದ್ದರೂ ನೂರು ವರ್ಷ ದಾಟಿದ ಶಾಸನ, ಶಿಲ್ಪ 1972ರ ಕಾಯ್ದೆಯಂತೆ ಪುರಾತನ ವಸ್ತು. ರಸ್ತೆ ಅಗಲಿಸುವಾಗ, ಮನೆ ಪಾಯ ತೋಡುವಾಗ ಸಿಕ್ಕ ವೀರಗಲ್ಲನ್ನು ತೋಟದ ಬಂಗಲೆಯ ಅಂಗಳಕ್ಕೆ ಅಲಂಕಾರಕ್ಕೆ ಒಯ್ಯುವಂತಿಲ್ಲ. ಒಯ್ದರೆ ಅದು ಯಾವ ಊರ ಕಾಳಗದ್ದು ಎಂಬ ಸುಳಿವೂ ಅದರೊಡನೆ ಹೋಗುತ್ತದೆ.

ತಯಾರಾದ ಪಟ್ಟಿಯನ್ನು ಮೊಬೈಲಿನಲ್ಲಷ್ಟೇ ಇಟ್ಟುಕೊಳ್ಳಬೇಡಿ. ಗಟ್ಟಿ ಕಾಗದದಲ್ಲಿ ನಾಲ್ಕು ಪ್ರತಿ ಮುದ್ರಿಸಿ, ಜಾಗದವರಿಗೆ ಒಂದು, ಊರಿನ ಲೈಬ್ರರಿಗೆ ಒಂದು, ಜಿಲ್ಲೆಯ ಪುರಾತತ್ವ ಕಚೇರಿಗೆ ಒಂದು ಕೊಡಿ, ಒಂದು ನಿಮ್ಮಲ್ಲಿರಲಿ. ಕನ್ನಡ ಶಾಸನ ಹೊಸದಾಗಿ ಸಿಕ್ಕಿದೆ ಅನಿಸಿದರೆ ಮೊದಲು ಶಾಸನಗಳನ್ನು ಜಿಲ್ಲೆವಾರು ಅಚ್ಚು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟದಲ್ಲಿ ಆ ಊರಿನ ಹೆಸರು ನೋಡಿ. ರೈಸ್ ಕಾಲದ ಸಂಪುಟಗಳಲ್ಲಿ ಹಾಸನ ಜಿಲ್ಲೆ 5ನೆಯದು, ಕಡೂರು 6ನೆಯದು. ಅಲ್ಲಿ ಇಲ್ಲದಿದ್ದರೆ ಫೋಟೋ, ಅಳತೆ, ಜಾಗದ ಗುರುತು ಸಮೇತ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೆ ಬರೆಯಿರಿ. ಕಲ್ಲು ಇದ್ದಲ್ಲೇ ಇರಲಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಹೊತ್ತಿಗೆ, ಅದೇ ಕೋನದಿಂದ ಮತ್ತೆ ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಂದು ಮಳೆಗಾಲ ಎಷ್ಟು ಅಕ್ಷರ ತೆಗೆದುಕೊಂಡಿತು ಎಂಬುದು ಆಗ ಕಾಣುತ್ತದೆ, ಮೊದಲು ಯಾವ ಕಲ್ಲಿನ ಬಳಿಗೆ ಹೋಗಬೇಕು ಎಂಬುದೂ.